ದೂರದಿಂದ ಲೋಲಕ ತೂಗಿಸುವ ಕೈಪಿಡಿ

ಮೊದಲ ವರ್ಷದ ಬಿ.ಎಸ್ಸಿ. ಹುಡುಗರಿಗೆ ಭೌತಶಾಸ್ತ್ರದ ಪ್ರಾಕ್ಟಿಕಲ್ಲನ್ನು ಮನೆಯಲ್ಲೇ ಕೂತು ಮಾಡಿಸಿ ಎಂಬ ಆದೇಶ ನಿಮ್ಮ ಕೈ ಸೇರಿದ್ದರೆ, ಅಭಿನಂದನೆಗಳು. ಈ ಕೈಪಿಡಿ ನಿಮ್ಮದು. ಪೂರ್ತಿ ಓದಿ ಜೋಪಾನವಾಗಿ ಎತ್ತಿಡಿ. ಮುಂದಿನ ಸಲ ಕೊರೋನಾದಂಥದ್ದು ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಹುಡುಕಾಡುವಂತಾಗಬಾರದು. ಇಲ್ಲಿರುವ ವಿಧಾನಗಳನ್ನು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ಕೂತು, 2021ರ ಏಪ್ರಿಲ್ ಕೊನೆಯಿಂದ ಜುಲೈವರೆಗೆ, ಇಪ್ಪತ್ಮೂರು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಲಾಗಿದೆ. ಹೊಂಗನೂರು ನನ್ನ ಮಾವನ ಮನೆ. ಎರಡು ದಿನಕ್ಕೆಂದು ಬಂದ ಅಳಿಯ ಮೂರು ತಿಂಗಳು ಉಳಿದದ್ದು ಆ ಮನೆಯ ಇತಿಹಾಸದಲ್ಲೇ ಮೊದಲು. ನಮ್ಮದು ಸಾಗರದ ಕಡೆ. ಅಡಿಕೆ ಗೊತ್ತು, ರೇಷ್ಮೆ ಗೊತ್ತಿಲ್ಲ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆಯೇ ಇಲ್ಲ.

ಇರಬೇಕಿತ್ತು. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಪೆಟ್ಟಿಗೆಯನ್ನೇ ಕಳಿಸುತ್ತಿತ್ತು. ಅದರೊಳಗೆ ಅಂಗೈಯಲ್ಲಿ ಹಿಡಿಸುವಂಥ ಪ್ಲಾಸ್ಟಿಕ್ ಸೂಕ್ಷ್ಮದರ್ಶಕ ಕೂಡ ಇರುತ್ತಿತ್ತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮೈಸೂರಿನ ಪ್ರೊ. ಆರ್. ಶ್ರೀನಿವಾಸನ್ ಅವರು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಜೊತೆ ಸೇರಿ, ಕಾಲೇಜು ಮೇಷ್ಟ್ರುಗಳಿಗೆ ಪ್ರಯೋಗ ಭೌತಶಾಸ್ತ್ರದ ಶಿಬಿರಗಳನ್ನು ನಡೆಸಿ, ಕಡಿಮೆ ಬೆಲೆಯ ಕಿಟ್ ಒಂದನ್ನು ರೂಪಿಸಿದ್ದರು. ಅಂಥದ್ದೊಂದು ನನ್ನ ಕಾಲೇಜಿನ ಬೀರುವಿನಲ್ಲೂ ಇತ್ತು. ಬೀರು ಕಾಲೇಜಿನಲ್ಲಿತ್ತು, ಕಾಲೇಜು ಮುಚ್ಚಿತ್ತು, ಬೀರುವಿನ ಕೀಲಿ ಇದ್ದ ಅಟೆಂಡರ್ ಊರಿಗೆ ಹೋಗಿದ್ದರು.

ಆದ್ದರಿಂದ ಪೆಟ್ಟಿಗೆಯನ್ನು ವಿದ್ಯಾರ್ಥಿಯ ಮನೆಯಲ್ಲೇ ಹುಡುಕಿ. ಬೇಕಾದದ್ದು ಒಂದು ದಾರ, ಒಂದು ಭಾರ, ಒಂದು ಮೊಳೆ, ಅಳತೆಗೆ ಟೈಲರ್ ಟೇಪು, ಗಂಟೆ ನೋಡಲು ಫೋನು. ದಾರದ ವಿಷಯದಲ್ಲಿ ರಾಮನಗರದ ಸೀಮೆಗೆ ಬಡತನವಿಲ್ಲ. ಹಳೆಯ ಪಠ್ಯಪುಸ್ತಕಗಳು ಅಯಸ್ಕಾಂತವನ್ನು ತೂಗುಹಾಕಲು ಹುರಿ ಮಾಡದ ರೇಷ್ಮೆ ಎಳೆಯೇ ಬೇಕು ಎನ್ನುತ್ತವೆ, ಏಕೆಂದರೆ ಹುರಿಯಿಲ್ಲದ ಎಳೆ ತಾನಾಗಿ ತಿರುಚಿಕೊಳ್ಳುವುದಿಲ್ಲ. ಇದನ್ನು ಹತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಎಳೆಯನ್ನು ಕಂಡಿರಲಿಲ್ಲ. ಇಲ್ಲಿ ಮಕ್ಕಳು ಗೂಡು ಹಿಡಿದು, "ಎಷ್ಟು ಮೀಟರ್ ಬೇಕು ಸಾ?" ಎಂದು ಕೇಳಿದರು. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಇರುತ್ತದೆ.

ಟೈಲರ್ ಟೇಪಿನ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಬಟ್ಟೆ ಟೇಪು ಎಳೆದೆಳೆದು ಹಿಗ್ಗಿರುತ್ತದೆ. ಹಿಗ್ಗಿದ ಟೇಪು ಉದ್ದವನ್ನು ಕಡಿಮೆ ತೋರಿಸುತ್ತದೆ. ನೂರಕ್ಕೆ ಒಂದು ಹಿಗ್ಗಿದ್ದರೆ ಗುರುತ್ವವೂ ನೂರಕ್ಕೆ ಒಂದು ಇಳಿಯುತ್ತದೆ. ಇಂಥ ಟೇಪಿನಿಂದ ಮನೆಯಲ್ಲಿ ಅಳೆದು ಟೈಲರ್ ಕೈಲಿ ಹೊಲಿಸಿದ ರವಿಕೆ ಯಾಕೆ ಹಿಡಿಯುತ್ತದೆ ಎಂಬುದಕ್ಕೂ ಇದೇ ಉತ್ತರ.

ಅಳವಡಿಸುವ ವಿಧಾನ

ಮೊದಲು ಸಿಗ್ನಲ್ ಎಲ್ಲಿದೆ ಎಂದು ಪತ್ತೆ ಹಚ್ಚಿ. ನಮ್ಮ ಬ್ಯಾಚಿನಲ್ಲಿ ಒಬ್ಬ ಓವರ್‌ಹೆಡ್ ಟ್ಯಾಂಕಿನ ಮೆಟ್ಟಿಲ ಮೇಲೆ, ಇಬ್ಬರು ಕೆರೆ ಏರಿಯ ಮೇಲೆ, ಒಬ್ಬಳು ತೆಂಗಿನ ತೋಟದ ಮೂಲೆಯಲ್ಲಿ ನಿಂತು ಪ್ರಾಕ್ಟಿಕಲ್ಲಿಗೆ ಹಾಜರಾಗುತ್ತಿದ್ದರು. ಲೋಲಕ ಇದ್ದದ್ದು ಮನೆಯಲ್ಲಿ, ಸಿಗ್ನಲ್ ಇದ್ದದ್ದು ತೋಟದಲ್ಲಿ. ಎರಡನ್ನೂ ಒಟ್ಟಿಗೆ ತರಲು ಇಂದಿನವರೆಗೆ ಯಾವ ವಿಧಾನವೂ ಸಿದ್ಧಿಸಿಲ್ಲ. ಆದ್ದರಿಂದ ತೋಟದಲ್ಲಿ ಪಾಠ ಕೇಳಿ, ಮನೆಗೆ ಓಡಿ ಪ್ರಯೋಗ ಮಾಡಿ, ಮತ್ತೆ ತೋಟಕ್ಕೆ ಬಂದು ಫೋಟೋ ಕಳಿಸುವುದು ಎಂಬ ಮೂರು ಹಂತದ ಪದ್ಧತಿಯನ್ನು ಅನುಸರಿಸಿ.

ಎರಡನೆಯದಾಗಿ, ಫೋನು ಯಾರದ್ದು ಎಂದು ವಿಚಾರಿಸಿ. ಅದು ವಿದ್ಯಾರ್ಥಿಯದ್ದಲ್ಲ. ಅಪ್ಪನದ್ದು ಅಥವಾ ಅಣ್ಣನದ್ದು. ಅಪ್ಪ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೊರಟರೆ ನಿಮ್ಮ ಪ್ರಯೋಗಾಲಯವೂ ಅಪ್ಪನ ಜೇಬಿನಲ್ಲಿ ಕೂತು ರಾಮನಗರಕ್ಕೆ ಹೋಗುತ್ತದೆ. ಫೋನನ್ನೇ ದಾರಕ್ಕೆ ಕಟ್ಟಿ ತೂಗಿಸಿದರೆ ಅದರೊಳಗಿನ ಸಂವೇದಕವೇ ಆಂದೋಲನವನ್ನು ಅಳೆದುಕೊಡುತ್ತದೆ ಎಂದು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಆ್ಯಪ್ ಹೇಳುತ್ತದೆ. ಒಳ್ಳೆಯ ಆ್ಯಪ್, ಸುಳ್ಳಲ್ಲ. ಆದರೆ ಅಪ್ಪನ ಫೋನನ್ನು ದಾರಕ್ಕೆ ಕಟ್ಟಿ ತೂಗಿಸುವುದರಿಂದ ಆಗುವ ಪರಿಣಾಮ ಆ ಆ್ಯಪಿನ ವ್ಯಾಪ್ತಿಗೆ ಬರುವುದಿಲ್ಲ.

ಅದರಲ್ಲೇ ಇನ್ನೊಂದು ಸೌಲಭ್ಯವಿದೆ, ಸದ್ದಿನ ಸ್ಟಾಪ್‌ವಾಚ್. ಒಂದು ಸದ್ದಿಗೆ ಶುರುವಾಗುತ್ತದೆ, ಇನ್ನೊಂದಕ್ಕೆ ನಿಲ್ಲುತ್ತದೆ. ಮೇಜಿನ ಅಂಚಿಗೆ ಸ್ಕೇಲು, ಸ್ಕೇಲಿನ ಮೇಲೆ ನಾಣ್ಯ, ಕೆಳಗೆ ತಟ್ಟೆ. ಸ್ಕೇಲಿಗೆ ಹೊಡೆದರೆ ಒಂದು ಸದ್ದು, ತಟ್ಟೆಗೆ ನಾಣ್ಯ ಬಿದ್ದರೆ ಎರಡನೆಯ ಸದ್ದು. ಒಂದು ಮೀಟರ್ ಬೀಳಲು ಸುಮಾರು 0.45 ಸೆಕೆಂಡು ಹಿಡಿಯಬೇಕು. ಒಬ್ಬನಿಗೆ 0.12 ಬಂತು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 139. ಅವನು ವಿಡಿಯೋ ಕಳಿಸಿದ ಮೇಲೆ ಗೊತ್ತಾಯಿತು: ಸ್ಕೇಲಿಗೆ ಹೊಡೆದ ಸದ್ದಿಗೆ ಬೆದರಿದ ಹುಂಜ ಕೂಗಿತ್ತು, ನಾಣ್ಯ ಇನ್ನೂ ಗಾಳಿಯಲ್ಲಿತ್ತು. ಅಳೆದದ್ದು ಭೂಮಿಯ ಸೆಳೆತವನ್ನಲ್ಲ, ಹುಂಜದ ಗಾಬರಿಯನ್ನು. ಪ್ರಯೋಗಕ್ಕೆ ಮುಂಚೆ ಕೋಳಿಗಳನ್ನು ಮುಚ್ಚಿಡಿ.

ಪರದೆಯ ಮೇಲಿನ ಪ್ರಯೋಗಾಲಯ

ಇಷ್ಟೆಲ್ಲ ಫಜೀತಿ ಯಾಕೆ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಿಸಬಹುದಲ್ಲ ಎಂದು ನಿಮ್ಮ ಪ್ರಾಂಶುಪಾಲರು ಕೇಳುತ್ತಾರೆ. ಮಾಡಿಸಬಹುದು. ಕೇಂದ್ರ ಸರ್ಕಾರದ ವರ್ಚುಯಲ್ ಲ್ಯಾಬ್ಸ್ ಯೋಜನೆಯಿದೆ, ಅದರಲ್ಲಿ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯವರ ಪಾಲೂ ಇದೆ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋದಲ್ಲಿ ಶುರು ಮಾಡಿದ ಫೆಟ್ ಇದೆ. ಫೆಟ್‌ನ ಲೋಲಕ ಬಲು ಚೆಂದ. ದಾರ ಹರಿಯುವುದಿಲ್ಲ, ಗಾಳಿ ಬೀಸುವುದಿಲ್ಲ, ಬೆಕ್ಕು ಬಂದು ಗುಂಡಿಗೆ ಕೈ ಹಾಕುವುದಿಲ್ಲ. ಯಾವ ಗ್ರಹ ಎಂದು ಆರಿಸಿಕೊಳ್ಳಲೂ ಬಹುದು.

ಅಲ್ಲೇ ಎಡವಟ್ಟಾಯಿತು. ಒಬ್ಬ ಹುಡುಗ ಆಟವಾಡುತ್ತಾ ಗುರುಗ್ರಹಕ್ಕೆ ಹೋಗಿ ವಾಪಸ್ ಬರಲು ಮರೆತ. ಅಲ್ಲಿಯೇ ಇಪ್ಪತ್ತು ಆಂದೋಲನ ಎಣಿಸಿ, ಶ್ರದ್ಧೆಯಿಂದ ಕೋಷ್ಟಕ ತುಂಬಿ, ಉತ್ತರ 24.7 ಎಂದು ಬರೆದ. ಕೆಳಗೆ: "ಪ್ರಮಾಣಿತ ಬೆಲೆ 9.8. ವ್ಯತ್ಯಾಸಕ್ಕೆ ಕಾರಣ ಗಾಳಿಯ ಪ್ರತಿರೋಧ." ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಗಾಳಿಯ ಮೇಲೆ ತಪ್ಪು ಹೊರಿಸಿದ್ದಕ್ಕೆ ಒಂದು ಅಂಕ ಕಳೆದೆ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದನಲ್ಲ, ಅದು ಸಣ್ಣ ಮಾತಲ್ಲ. ಅದೇ ವಾರ ಮನೆಯ ಮೊಳೆಗೆ ಕಲ್ಲು ಕಟ್ಟಿ ತೂಗಿಸಿದವರಲ್ಲಿ ಹದಿನಾಲ್ಕು ಜನಕ್ಕೆ ಸರಿಯಾಗಿ 9.81 ಬಂದಿತ್ತು.

ಹೊಂಗನೂರಿನಲ್ಲಿ 9.81 ಇಲ್ಲ. ಭೂಮಿ ನಡುವಿನಲ್ಲಿ ಉಬ್ಬಿದೆ, ಮೇಲಾಗಿ ತಿರುಗುತ್ತಿದೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದಂತೆ ಸೆಳೆತ ಇಳಿಯುತ್ತದೆ. ನಾವಿರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿ. ಇಲ್ಲಿನ ಬೆಲೆ 9.78. ದೆಹಲಿಯಲ್ಲಿ 9.79. 9.81 ಬೇಕಾದರೆ ಪ್ಯಾರಿಸ್ಸಿಗೋ ಲಂಡನ್ನಿಗೋ ಹೋಗಬೇಕು, ಆ ತಿಂಗಳು ವಿಮಾನವೂ ಅಪರೂಪ. ಹಾಗಾಗಿ 9.81 ತಂದ ಹದಿನಾಲ್ಕು ಮಂದಿಯ ರೆಕಾರ್ಡು ನೋಡಿದೆ. ಹದಿನಾಲ್ಕು ಮಂದಿಯ ಕೈಬರಹ ಬೇರೆ, ಇಪ್ಪತ್ತು ಆಂದೋಲನದ ಕಾಲ ಮಾತ್ರ ಕೊನೆಯ ಅಂಕಿಯವರೆಗೂ ಒಂದೇ.

ಬೈಯುವ ಹಕ್ಕು ನನಗಿರಲಿಲ್ಲ. ಉತ್ತರವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗುಗಳನ್ನು ಹುಟ್ಟಿಸುವ ವಿದ್ಯೆ ನನಗೂ ಬರುತ್ತದೆ. ನಾನು ಓದಿದ ಕಾಲೇಜಿನ ಅಟೆಂಡರ್ ಪ್ರತಿ ಪ್ರಯೋಗದ "ಬರಬೇಕಾದ ಉತ್ತರ"ವನ್ನು ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು. ಪರೀಕ್ಷೆಯ ದಿನ ಹತ್ತಿರ ಬಂದು ಮೆಲ್ಲಗೆ, "ನಿಮ್ದು ಎಷ್ಟ್ ಬರ್ತಿದೆ? ಸ್ವಲ್ಪ ಇಳಿಸ್ಕೊಳ್ಳಿ," ಎನ್ನುತ್ತಿದ್ದರು. ಭೌತಶಾಸ್ತ್ರದಲ್ಲಿ ನನಗೆ ಚಿನ್ನದಂಥ ಅಂಕ ಬಂದದ್ದು ಹಾಗೆ.

ಭಾರ ಆರಿಸುವುದು

ಊರು ಚನ್ನಪಟ್ಟಣದ ಸೀಮೆ ಅಲ್ಲವೇ, ಮೊದಲು ಎಲ್ಲರೂ ಮರದ ಗೊಂಬೆಯನ್ನೇ ದಾರಕ್ಕೆ ಕಟ್ಟಿದರು. ನೋಡಲು ಚೆಂದ, ಕೆಲಸಕ್ಕೆ ಬಾರದು. ಹಾಲೆ ಮರ ಹಗುರ, ಗಾಳಿ ಬೇಗ ಹಿಡಿದು ನಿಲ್ಲಿಸುತ್ತದೆ. ಭಾರವಾದದ್ದು, ಗಿಡ್ಡವಾದದ್ದು ಬೇಕು. ಒಬ್ಬ ಹುಡುಗಿ ಹಿತ್ತಿಲ ಬಾಗಿಲ ಬೀಗವನ್ನೇ ಬಿಚ್ಚಿ ತಂದು ತೂಗಿಸಿದಳು. ಹಳೆಯ ಕಬ್ಬಿಣದ ಬೀಗ, ಅಂಗೈ ಅಗಲ.

ಅವಳ ರೀಡಿಂಗುಗಳನ್ನು ಇಲ್ಲಿ ಪೂರ್ತಿ ಕೊಡುತ್ತೇನೆ, ಏಕೆಂದರೆ ಈ ಕೈಪಿಡಿಯಲ್ಲಿ ಓದಬೇಕಾದದ್ದು ಇದೊಂದೇ. ದಾರವನ್ನು ಬೀಗದ ಕೊಂಡಿಯ ತುದಿಯವರೆಗೆ ಅಳೆದಿದ್ದಳು. ಉದ್ದ 40 ಸೆಂ.ಮೀ. ಇದ್ದಾಗ ಗುರುತ್ವದ ಬೆಲೆ 9.10 ಬಂತು. 60 ಇದ್ದಾಗ 9.31. 80ಕ್ಕೆ 9.43. 100ಕ್ಕೆ 9.50. ಯಾವುದನ್ನೂ ತಿದ್ದದೆ ಕಳಿಸಿ, ಕೆಳಗೆ ಒಂದು ಸಾಲು ಬರೆದಿದ್ದಳು: "ಸಾರ್, ದಾರ ಉದ್ದ ಮಾಡಿದಷ್ಟೂ ಭೂಮಿ ಜಾಸ್ತಿ ಎಳೀತಿದೆ. ಯಾಕೆ?"

ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಲು ಕಾರಣವಿರಲಿಲ್ಲ. ಅಲ್ಲಿನ ಹಿತ್ತಾಳೆ ಗುಂಡಿಗೆ ನಡುವು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ವರ್ನಿಯರ್ ಹಿಡಿದು ವ್ಯಾಸ ಅಳೆದು ಅರ್ಧ ಮಾಡಿ ದಾರದ ಉದ್ದಕ್ಕೆ ಸೇರಿಸಿದರಾಯಿತು. ಬೀಗಕ್ಕೆ ನಡುವು ಎಲ್ಲಿದೆ? ಕೊಂಡಿ ಒಂದು ಆಕಾರ, ಒಡಲು ಇನ್ನೊಂದು, ಒಳಗೆ ಏನೇನು ತುಂಬಿದ್ದಾರೋ. ಅವಳು ಅಳೆಯದೆ ಬಿಟ್ಟದ್ದು ಅದನ್ನೇ. ಕೆಲವು ಸೆಂಟಿಮೀಟರ್ ಅಷ್ಟೆ. ಆದರೆ ದಾರ ಗಿಡ್ಡವಿದ್ದಾಗ ಆ ಕೆಲವು ಸೆಂಟಿಮೀಟರ್ ದೊಡ್ಡ ಪಾಲು, ಉದ್ದವಿದ್ದಾಗ ಸಣ್ಣ ಪಾಲು. ಅದಕ್ಕೇ ಉತ್ತರ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿತ್ತು.

ಪರಿಹಾರವೂ ಅವಳ ಕೋಷ್ಟಕದಲ್ಲೇ ಇತ್ತು. ಒಂದು ಆಂದೋಲನದ ಕಾಲದ ವರ್ಗವನ್ನು ದಾರದ ಉದ್ದಕ್ಕೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸು ಎಂದೆ. ಗ್ರಾಫ್ ಹಾಳೆ ಇಲ್ಲ ಎಂದಳು. ಚೌಕುಳಿ ಗಣಿತದ ಪುಸ್ತಕ ಇತ್ತು, ತಮ್ಮನದ್ದು. ನಾಲ್ಕು ಚುಕ್ಕಿ, ಒಂದು ಗೆರೆ. ಆ ಗೆರೆಯ ಇಳಿಜಾರಿಗೂ ಬೀಗದ ನಡುವಿಗೂ ಸಂಬಂಧವಿಲ್ಲ, ಏಕೆಂದರೆ ಪ್ರತಿ ಸಲವೂ ಬಿಟ್ಟುಹೋದದ್ದು ಅಷ್ಟೇ ಸೆಂಟಿಮೀಟರ್. ಇಳಿಜಾರಿನಿಂದ ಬಂದ ಉತ್ತರ 9.7 ದಾಟಿತು. ಇನ್ನು ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಸೊನ್ನೆಯಲ್ಲಿ ನಿಲ್ಲದೆ, ಸೊನ್ನೆಗಿಂತ 3 ಸೆಂ.ಮೀ. ಹಿಂದೆ ಹೋಗಿ ಅಡ್ಡಗೆರೆಯನ್ನು ಮುಟ್ಟಿತು. ಬೀಗದ ನಡುವು ಕೊಂಡಿಯ ತುದಿಯಿಂದ 3 ಸೆಂ.ಮೀ. ಕೆಳಗಿದೆ ಎಂದು ಅರ್ಥ. ಬೀಗವನ್ನು ಒಡೆಯದೆ, ತೂಗದೆ, ಬರೀ ಜೋಕಾಲಿ ಆಡಿಸಿ ಅದರ ನಡುವನ್ನು ಕಂಡುಹಿಡಿದಿದ್ದಳು. ಈ ಉತ್ತರ ಯಾವ ಅಟೆಂಡರ್ ಡೈರಿಯಲ್ಲೂ ಇರಲಿಲ್ಲ.

ಇಲ್ಲಿ ಉಪನ್ಯಾಸಕರು ಅತಿಯಾಗಿ ಖುಷಿಪಡಬಾರದು. ನಾನು ಪಟ್ಟೆ. ಹಜಾರದಲ್ಲಿ ಎದ್ದು ನಿಂತು "ಭೇಷ್!" ಎಂದು ಕೂಗಿದ್ದಕ್ಕೆ ಒಳಗಿನಿಂದ ಅತ್ತೆ ಓಡಿ ಬಂದರು. ಮೈಕ್ ಮ್ಯೂಟ್ ಆಗಿತ್ತಾದ್ದರಿಂದ ಹುಡುಗಿಗೆ ಮಾತ್ರ ಕೇಳಿಸಲಿಲ್ಲ.

ಹಾಜರಿ

ಮೇ ತಿಂಗಳ ಒಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಸಾಲು ಬಂತು: "ಸಾರ್ ಮನೇಲಿ ನಾಲ್ಕನೇ ಜ್ವರ. ಇನ್ನೊಂದ್ ವಾರ ಬರಕ್ಕಾಗಲ್ಲ."

ಆ ದಿನಗಳು ಎಂಥವು ಎಂದು ನಿಮಗೆ ನೆನಪಿರಬಹುದು. ಜ್ವರ ಎಂಬ ಪದ ಓದಿದರೇ ಎದೆ ಝಲ್ಲೆನ್ನುತ್ತಿತ್ತು. ಇವನ ಮನೆಯಲ್ಲಿ ನಾಲ್ಕನೆಯದು! ಮೂರು ಜನ ಆಗಲೇ ಮಲಗಿರಬೇಕು ಎಂದುಕೊಂಡು ಕೂಡಲೇ ಕರೆ ಮಾಡಿದೆ, ಎತ್ತಲಿಲ್ಲ. ಆಮ್ಲಜನಕ ನೋಡಿದಿರಾ, ಆಸ್ಪತ್ರೆಗೆ ತೋರಿಸಿದಿರಾ ಎಂದು ಸಂದೇಶದ ಮೇಲೆ ಸಂದೇಶ ಕಳಿಸಿದೆ. ತಿಂಡಿ ಇಳಿಯಲಿಲ್ಲ. ಅತ್ತೆ ವಿಚಾರಿಸಿದರು. ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನೋಡಿ ನನಗೆ ಸಿಟ್ಟೇ ಬಂತು.

"ಅಯ್ಯೋ ಅಳಿಯಂದ್ರೆ, ಜ್ವರ ಬಂದಿರೋದು ಹುಳಕ್ಕೆ!"

ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಹುಳು ಎದ್ದು ಸುಮಾರು ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ, ಮಳೆ ಹುಯ್ದ ಹಾಗೆ ಸದ್ದು ಮಾಡುತ್ತಾ. ಆ ವಾರ ಮನೆಯಲ್ಲಿರುವ ಕೈಗಳೆಲ್ಲ ಹಿಪ್ಪುನೇರಳೆ ಸೊಪ್ಪಿಗೆ. ಆಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಹುಡುಗ ಪ್ರಾಮಾಣಿಕವಾಗಿಯೇ ರಜೆ ಕೇಳಿದ್ದ. ನಾನು ಆಮ್ಲಜನಕದ ಮಟ್ಟ ಕೇಳಿದ್ದೆ.

ದೋಷ ನಿವಾರಣೆ ಹೀಗೆ: ವಿದ್ಯಾರ್ಥಿ ಪ್ರಯೋಗಕ್ಕೆ ಬರಲಾಗದಿದ್ದರೆ ಪ್ರಯೋಗವನ್ನು ಹುಳು ಮನೆಗೆ ಕಳಿಸಿ. ಅಲ್ಲಿ ಗೋಡೆಗೆ ಎರಡು ಥರ್ಮಾಮೀಟರ್ ತೂಗುಹಾಕಿರುತ್ತಾರೆ, ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಬತ್ತಿ. ಪಠ್ಯದಲ್ಲಿ ಅದಕ್ಕೆ ಆರ್ದ್ರತಾಮಾಪಕ ಎಂಬ ಭಾರಿ ಹೆಸರಿದೆ. ಒಣಗಿದ್ದು 27, ಒದ್ದೆಯದ್ದು 25 ತೋರಿಸಿದರೆ ಗಾಳಿಯ ತೇವ ನೂರಕ್ಕೆ ಸುಮಾರು 85. ನಮ್ಮ ಕಾಲೇಜಿನಲ್ಲಿ ಇದೇ ಉಪಕರಣ ಒಡೆದು ವರ್ಷಗಳಾಗಿತ್ತು, ಬೇಡಿಕೆ ಪತ್ರ ಎಲ್ಲೋ ಟೇಬಲ್ಲಿನ ಮೇಲಿತ್ತು. ಈ ಹುಡುಗ ಏಳು ದಿನ, ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ ರೀಡಿಂಗು ಬರೆದು ಕಳಿಸಿದ. ಪ್ರಾಕ್ಟಿಕಲ್ಲಿಗಾಗಿ ಅಲ್ಲ, ತೇವ ತಪ್ಪಿದರೆ ಹುಳು ಉಳಿಯುವುದಿಲ್ಲವೆಂದು.

ಲೇತು ಇರುವ ಮನೆಗಳಿಗೆ ವಿಶೇಷ ಸೂಚನೆ

ಚನ್ನಪಟ್ಟಣದ ಕಲಾನಗರದ ಕಡೆಯ ಹುಡುಗನೊಬ್ಬನ ಮನೆಯಲ್ಲಿ ಗೊಂಬೆ ಕಡೆಯುವ ಲೇತು ಇತ್ತು. ಆರ್ಡರ್ ಇಲ್ಲದೆ ನಿಂತಿತ್ತು, ಹಾಗಾಗಿ ಪ್ರಯೋಗಕ್ಕೆ ಬಿಡುವು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ಪಾಠ ಮಾಡಲು ನಾನು ರಮ್‌ಫರ್ಡ್ ಕಥೆ ಶುರು ಮಾಡಿದೆ: ಮ್ಯೂನಿಕ್ಕಿನಲ್ಲಿ ಫಿರಂಗಿ ಕೊರೆಯುವಾಗ ಕುದುರೆ ಸುತ್ತಿಸಿದ್ದು, ನೀರು ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆ ಕುದಿದದ್ದು, 1798ರಲ್ಲಿ ಅದನ್ನು ಪ್ರಕಟಿಸಿದ್ದು. ಹುಡುಗ ತಾಳ್ಮೆಯಿಂದ ಕೇಳಿ, "ಅಪ್ಪ ಎರಡು ನಿಮಿಷದಲ್ಲಿ ತೋರಿಸ್ತಾರೆ ಸಾರ್," ಎಂದ.

ತೋರಿಸಿದರು. ತಿರುಗುವ ಹಾಲೆ ಮರದ ಗುಂಡಿಗೆ ಅರಗಿನ ಕಡ್ಡಿ ಒತ್ತಿದರು. ಅರಗು ಅಲ್ಲೇ ಕರಗಿ ಮೈಗೆ ಹತ್ತಿತು. ತಾಳೆಗರಿ ಒತ್ತಿ ಎಳೆದರು, ಹೊಳಪು ಬಂತು. ಹುಡುಗ ಗುಂಡಿಗೆ ಸೀಮೆಸುಣ್ಣದ ಗೆರೆ ಎಳೆದು ಸ್ಲೋಮೋಷನ್ನಿನಲ್ಲಿ ಸುತ್ತು ಎಣಿಸಿದ್ದ: ನಿಮಿಷಕ್ಕೆ 1500ರ ಆಸುಪಾಸು. 5 ಸೆಂ.ಮೀ. ವ್ಯಾಸದ ಗುಂಡಾದರೆ ಅದರ ಮೈ ಸೆಕೆಂಡಿಗೆ ಸುಮಾರು 4 ಮೀಟರ್ ಓಡುತ್ತದೆ. ಅರ್ಧ ಕೆ.ಜಿ. ತೂಕದಷ್ಟು ಘರ್ಷಣೆ ಎಂದುಕೊಂಡರೆ ಸುಮಾರು 20 ವ್ಯಾಟ್ ಶಾಖ, ಅದೂ ಕಡ್ಡಿಯ ತುದಿಯಷ್ಟು ಜಾಗದಲ್ಲಿ. ಘರ್ಷಣೆ ನಿಜವಾಗಿ ಎಷ್ಟು ಎಂದು ಅಪ್ಪನನ್ನು ಕೇಳಿದೆವು. ಕೈಗೆ ಗೊತ್ತಾಗುತ್ತದೆ ಎಂದರು. ಯಾವ ಏಕಮಾನದಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಾಮಾನು ವಾಪಸ್ಸು

ಪ್ರಯೋಗ ಮುಗಿದ ಮೇಲೆ ಬಳಸಿದ ವಸ್ತುಗಳನ್ನು ಎಲ್ಲಿಂದ ತಂದಿದ್ದರೋ ಅಲ್ಲೇ ಇಡಲು ವಿದ್ಯಾರ್ಥಿಗಳಿಗೆ ಸೂಚಿಸಿ. ಟೇಪು ಹೊಲಿಗೆ ಮಿಷನ್ನಿಗೆ, ತಟ್ಟೆ ಅಡುಗೆಮನೆಗೆ, ಮೊಳೆ ಗೋಡೆಯಲ್ಲೇ. ಕೋಳಿಗಳನ್ನು ಬಿಡಿ.

ಜುಲೈನಲ್ಲಿ ಕಾಲೇಜು ತೆರೆಯುವ ಮುಂಚೆ ಒಂದು ಕೊನೆಯ ವೈವಾ ಇಟ್ಟಿದ್ದೆ. ಬೀಗದ ಹುಡುಗಿಯ ಸರದಿ. ತೋಟದ ಮೂಲೆ ಬಿಟ್ಟು ಅಂದು ಮನೆಯ ಜಗಲಿಯಲ್ಲೇ ಕೂತಿದ್ದಳು, ಸಿಗ್ನಲ್ ಹೇಗೋ ಸಿಕ್ಕಿತ್ತು. ಇಳಿಜಾರು ಎಂದರೇನು, ಗೆರೆ ಸೊನ್ನೆಯ ಹಿಂದಕ್ಕೆ ಯಾಕೆ ಹೋಯಿತು, ಎಲ್ಲ ಹೇಳಿದಳು. ಬಹಳ ಚೆನ್ನಾಗಿ ಹೇಳಿದಳು. ಮುಗಿಯಿತು, ಹೊರಡಬಹುದು ಎಂದೆ. ಅವಳು ಫೋನನ್ನು ಮಗುಚಿಟ್ಟು ಎದ್ದಳು, ಮೈಕ್ ಆರಿಸಲು ಮರೆತಳು. ಪರದೆ ಕಪ್ಪಾಗಿ ಒಳಗಿನಿಂದ ಅವಳ ಅಮ್ಮನ ದನಿ ಮಾತ್ರ ಕೇಳಿಸಿತು.

"ನಡುವು ಎಲ್ಲೈತೆ ಅಂತ ಕಂಡುಹಿಡಿದ್ಯಲ್ಲ, ಸರಿ. ಬೀಗದ ಕೈ ಎಲ್ಲಿಟ್ಟೆ?"